ಬ್ಯಾಂಕ್ ಕಾನೂನಿನಲ್ಲಿ ಬಿಟ್ಟುಹೋಗಿದ್ದ ಸಾಲು

ನಾನು ಸ್ವೀಡನ್ನಿನ ಸೊಲ್ಲೆಂಟುನಾ ಊರಿನಲ್ಲಿ ಮಗಳ ಮನೆಯಲ್ಲಿದ್ದ ವರ್ಷವೇ ಮೊಮ್ಮಗಳು ಲಾ ಓದಿ ಹೊಸದಾಗಿ ಕೆಲಸಕ್ಕೆ ಸೇರಿದ್ದು. ಹಿಂದೆ ಎಲ್ಲ ಬ್ಯಾಂಕೂ ಸರ್ಕಾರದ್ದೇ ಆಗಿದ್ದ ಒಂದು ದೇಶ ಯುರೋಪಿನ ಒಕ್ಕೂಟ ಸೇರಲು ಹೊರಟಿತ್ತಂತೆ. ಅದರ ಬ್ಯಾಂಕ್ ಕಾನೂನನ್ನು ಯುರೋಪಿನ ನಿಯಮಕ್ಕೆ ಹೊಂದಿಸುವುದು ಇವಳ ಆಫೀಸಿನ ಕೆಲಸ. ಸೋಮವಾರ ಆ ದೇಶದ ಮಂತ್ರಿ, ಅಧಿಕಾರಿಗಳ ಮುಂದೆ ಹೊಸ ಕಾನೂನಿನ ಕರಡನ್ನು ವಿವರಿಸುವ ಸರದಿ ಮೊದಲ ಸಲ ಇವಳಿಗೆ ಬಂದಿತ್ತು.

ಭಾನುವಾರ ಫೀಕಾಗೆ, ಅಂದರೆ ಅಲ್ಲಿಯವರ ಕಾಫಿ ಹೊತ್ತಿಗೆ, ಕಾಫಿ, ಬನ್ನು ಇಟ್ಟುಕೊಂಡು ನನ್ನನ್ನು ಎದುರಿಗೆ ಕೂರಿಸಿದಳು. "ಅಜ್ಜಿ, ನಿಂಗೆ ಅರ್ಥ ಆದ್ರೆ ಮಂತ್ರಿಗೂ ಅರ್ಥ ಆಗುತ್ತೆ."

"ಮೂರನೇ ಕ್ಲಾಸು ಓದಿದವಳನ್ನ ಮಂತ್ರಿಗೆ ಸಮ ಮಾಡ್ತೀಯೇನೆ!"

ಬ್ಯಾಂಕು ಮುಳುಗಿದರೂ ಜನರ ಠೇವಣಿಗೆ ರಕ್ಷಣೆ ಇದೆ ಎಂದು ಅರ್ಧ ಇಂಗ್ಲಿಷಿನಲ್ಲಿ ಹೇಳಿದಳು.

"ಸರಿ ಪುಟ್ಟಿ, ಅದು ನನ್ನಂಥವಳಿಗೆ ಗೊತ್ತಾಗೋದು ಹೇಗೆ? ನಮ್ಮೂರ ಬ್ಯಾಂಕಲ್ಲಿ ಕಾಗದವೆಲ್ಲ ಇಂಗ್ಲಿಷು. ಇಲ್ಲಿ ಸೈನ್ ಹಾಕಿ ಅಂದ್ರು, ಹಾಕ್ದೆ."

ಅವಳು ಬನ್ನು ಕೆಳಗಿಟ್ಟು ಕಾಗದ ಮಗುಚಿದಳು. ಬ್ಯಾಂಕು ಇದನ್ನು ಜನರಿಗೆ ಅವರ ದೇಶದ ಭಾಷೆಯಲ್ಲೇ, ಸುಲಭವಾಗಿ ತಿಳಿಯುವ ಹಾಗೆ ಹೇಳಬೇಕೆಂದು ಯುರೋಪಿನ ನಿಯಮದಲ್ಲಿ ಇತ್ತಂತೆ. ಕರಡಿನಲ್ಲಿ ಆ ಸಾಲೇ ಬಿಟ್ಟುಹೋಗಿತ್ತು! ನನ್ನ ಕೆನ್ನೆಗೊಂದು ಮುತ್ತಿಟ್ಟು ಫೋನಿಗೆ ಓಡಿದಳು.

ಸೋಮವಾರ ಸಂಜೆ ಬಾಗಿಲಲ್ಲಿ ಬೂಟು ಬಿಚ್ಚುವ ಮೊದಲೇ ಕೂಗಿದಳು, "ಆ ಸಾಲು ಸೇರಿಸ್ಕೊಂಡ್ರು ಅಜ್ಜಿ! ಯಾರು ಕಂಡುಹಿಡಿದಿದ್ದು ಅಂತ ಕೇಳಿದ್ರು. ನಮ್ಮಜ್ಜಿ ಅಂದೆ."

ಆ ದೇಶದ ಹೆಸರು ಇವತ್ತಿಗೂ ನನ್ನ ಬಾಯಿಗೆ ಬರುವುದಿಲ್ಲ. ಆದರೆ ಅಲ್ಲಿ ಯಾರೋ ಒಬ್ಬ ಅಜ್ಜಿಗೆ ಬ್ಯಾಂಕಿನವರು ಅವಳ ಮಾತಿನಲ್ಲೇ ತಿಳಿಸಿ ಹೇಳುತ್ತಿರುತ್ತಾರೆ. ಅದನ್ನು ಬರೆಸಿದ್ದು ನನ್ನ ಮೊಮ್ಮಗಳು.