ಸೀಟಿನಡಿಯ ಬೆಚ್ಚನೆ ಪೆಟ್ಟಿಗೆ

ಗಾಡಿಗಳ ವೈರಿಂಗ್ ಕೆಲಸದ ಅವನನ್ನು ಜನ ಮೀಟರಣ್ಣ ಎನ್ನುತ್ತಿದ್ದರು. ಕೊರಳಲ್ಲಿ ಸದಾ ಕರೆಂಟು ಅಳೆಯುವ ಮೀಟರ್ ನೇತಾಡುತ್ತಿತ್ತು. ಅಳೆಯದೆ ಯಾವುದರ ಮೇಲೂ ತಪ್ಪು ಹೊರಿಸಬಾರದು ಎಂಬುದು ಅಂಗಡಿಗೆ ಬಂದವರಿಗೆಲ್ಲ ಅವನು ಪುಕ್ಕಟೆ ಹಂಚುತ್ತಿದ್ದ ಉಪದೇಶ. ಎಷ್ಟು ಹಂಚುತ್ತಿದ್ದನೆಂದರೆ, ಮನೆಗೆ ಒಯ್ಯಲು ಚೂರೂ ಉಳಿಯುತ್ತಿರಲಿಲ್ಲ.

ಹಳೇ ಮಿನಿಬಸ್ಸಿನ ಸೀಟು ಕಿತ್ತು, ಮಂಚ, ಒಲೆ, ಸಿಂಕು ಕೂಡಿಸಿ ಅವನೊಂದು ಮನೆಗಾಡಿ ಮಾಡಿದ್ದ. ಹೆಂಡತಿಯೊಂದಿಗೆ ಊರೂರು ತಿರುಗುವ ಆಸೆ. ತಿರುಗಿದ್ದೂ ಹೌದು. ಆದರೆ ರಾತ್ರಿ ಎಲ್ಲಿ ತಂಗಿದರೂ ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತಿತ್ತು. ದಾರಿಹೋಕರನ್ನು ಗೋಗರೆದು ಗಾಡಿ ತಳ್ಳಿಸುವ ಹೊತ್ತಿಗೆ ಮೀಟರಣ್ಣನ ಮಾನ ಮೂರು ಕಾಸಿಗೆ ಹರಾಜಾಗಿ, ಸಿಟ್ಟೆಲ್ಲ ಹೆಂಡತಿಯ ಮೇಲೆ ತಿರುಗುತ್ತಿತ್ತು: ಲೈಟ್ ಆರಿಸಲಿಲ್ಲ, ಫ್ಯಾನ್ ಹಾಗೇ ಬಿಟ್ಟೆ. ಅವಳು ಲೈಟ್ ಹಾಕುವುದನ್ನೇ ಬಿಟ್ಟಳು. ಕತ್ತಲಲ್ಲೇ ತಡಕಾಡಿ ಹಾಸಿಗೆ ಹಾಸಿದಳು. ಒಮ್ಮೆ ಕಪಾಟಿನ ಅಂಚಿಗೆ ಹಣೆ ಬಡಿಸಿಕೊಂಡಳು. ಬ್ಯಾಟರಿ ಮಾತ್ರ ಸಾಯುವ ಚಾಳಿ ಬಿಡಲಿಲ್ಲ.

ಒಂದು ಬೆಳಿಗ್ಗೆ ಅವಳು, ಇಂಜಿನ್ ತಣ್ಣಗಿದ್ದರೂ ನಿಮ್ಮ ಸೀಟಿನಡಿ ಬೆಚ್ಚಗಿದೆಯಲ್ಲ ಎಂದಳು. ವೈರಿಂಗ್ ನನಗೆ ಕಲಿಸಬೇಡ ತಾಯಿ ಎಂದು ಅವನು ಗದರಿದ. ಆಮೇಲೆ ಅವಳು ಗಾಡಿ ಹತ್ತಲಿಲ್ಲ. ಕರೆದರೆ, ನೀವೇ ಹೋಗಿಬನ್ನಿ, ನಾನಿಲ್ಲದಿದ್ದರೆ ಬ್ಯಾಟರಿ ಆರೋಗ್ಯವಾಗಿರುತ್ತದೆ ಎನ್ನುತ್ತಿದ್ದಳು. ಒಬ್ಬನೇ ತಿರುಗಲು ಮನಸ್ಸಾಗದೆ ಅವನು ಬ್ಯಾಟರಿ ಕಳಚಿಟ್ಟ. ಕೊನೆಗೆ ಗಾಡಿಯನ್ನೇ ಮಾರಿದ.

ಕೊಂಡ ತರುಣ ಸ್ವಲ್ಪ ದಿನದಲ್ಲೇ ಹೊಸ ಹೆಂಡತಿಯೊಂದಿಗೆ ಅಂಗಡಿಗೆ ಬಂದ.

"ಬೆಳಿಗ್ಗೆ ಸ್ಟಾರ್ಟೇ ಆಗಲ್ಲ ಅಣ್ಣ. ಇವಳಿಗೆ ಎಷ್ಟು ಬಡ್ಕೊಂಡ್ರೂ ಲೈಟ್ ಆರಿಸೋ ಅಭ್ಯಾಸ ಬರ್ಲಿಲ್ಲ."

ಹುಡುಗಿ ಟೈರುಗಳ ರಾಶಿ ನೋಡುತ್ತ ನಿಂತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ ಮೀಟರಣ್ಣ ಕೊರಳಿನ ಮೀಟರ್ ಮುಟ್ಟಿಕೊಂಡ.

ಎಲ್ಲವನ್ನೂ ಆರಿಸಿ, ಬ್ಯಾಟರಿಯ ಒಂದು ವೈರ್ ಬಿಚ್ಚಿ, ನಡುವೆ ಮೀಟರ್ ಸೇರಿಸಿದ. ಕರೆಂಟು ಹರಿಯುತ್ತಲೇ ಇತ್ತು. ಲೈಟಿನ ಫ್ಯೂಸ್ ಕಿತ್ತ, ಫ್ಯಾನಿನದು ಕಿತ್ತ, ನೀರಿನ ಪಂಪಿನದೂ ಕಿತ್ತ. ಫ್ಯೂಸ್ ಪೆಟ್ಟಿಗೆ ಬರಿದಾದರೂ ಮೀಟರಿನ ಅಂಕಿ ಇಳಿಯಲಿಲ್ಲ. ಅಂದರೆ ಫ್ಯೂಸಿನ ಹಂಗಿಲ್ಲದೆ ಯಾವುದೋ ವೈರ್ ನೇರ ಬ್ಯಾಟರಿಗೇ ಬಾಯಿ ಹಾಕಿತ್ತು. ಅದನ್ನು ಎಳೆದವರು ಯಾರೆಂದು ತಿಳಿಯಲು ಮೀಟರ್ ಬೇಕಾಗಲಿಲ್ಲ. ಹಾಡಿನ ಚಪಲಕ್ಕೆ ತಂದ, ಸದ್ದು ಹೆಚ್ಚಿಸುವ ಆಂಪ್ಲಿಫೈಯರ್ ಪೆಟ್ಟಿಗೆಯನ್ನು ತನ್ನ ಸೀಟಿನಡಿ ಕೂರಿಸಿ, ಆರಿಸಲೊಂದು ಸ್ವಿಚ್ ಆಮೇಲೆ ಕೂಡಿಸಿದರಾಯಿತು ಎಂದುಕೊಂಡವನು ಅವನೇ. ಕೈಯಿಟ್ಟು ನೋಡಿದ. ಬೆಚ್ಚಗಿತ್ತು.

"ನಿನ್ನದೇನೂ ತಪ್ಪಿಲ್ಲಮ್ಮ," ಎಂದ ಹುಡುಗಿಗೆ. "ಗಾಡಿ ಮಾಡಿದವನದು."

ಹುಡುಗಿ ಗಂಡನತ್ತ ಬೀರಿದ ನೋಟಕ್ಕೆ ಯಾವ ಫ್ಯೂಸಾದರೂ ಸುಟ್ಟುಹೋಗುತ್ತಿತ್ತು.

ಮುಸ್ಸಂಜೆಯಲ್ಲಿ ಮನೆಗೆ ಬಂದು, ಬಟ್ಟೆ ಮಡಚುತ್ತಿದ್ದ ಹೆಂಡತಿಯ ಮುಂದೆ, ಸೀಟಿನಡಿಯಿಂದ ಕಳಚಿ ತಂದ ಆ ಪೆಟ್ಟಿಗೆ ಇಟ್ಟ. ನಡೆದದ್ದನ್ನು ಒಂದೂ ಬಿಡದೆ ಹೇಳಿದ. ಅವಳು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು.

"ಈಗ ತಣ್ಣಗಿದೆ."

"ನೀನು ಹೇಳಿದ ದಿನಾನೇ ಮುಟ್ಟಿ ನೋಡ್ಬೇಕಿತ್ತು ಕಣೇ."

ಅವಳು ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದಳು. ಕೊಂಡವರು ಒಪ್ಪಿದರೆ ಗಾಡಿ ವಾಪಸ್ ತರಲೇ ಎಂದು ಅವನು ಮೆಲ್ಲಗೆ ಕೇಳಿದ.

"ಬೇಡ ಬಿಡಿ. ಆ ಹುಡುಗಿಯಾದ್ರೂ ಲೈಟ್ ಹಾಕ್ಕೊಂಡು ಓಡಾಡ್ಲಿ."

ಇನ್ನೊಂದು ಸೀರೆ ಎತ್ತಿಕೊಂಡು, ಅಂಚನ್ನು ಬೆರಳಲ್ಲೇ ಹುಡುಕಿ ಹೊಂದಿಸತೊಡಗಿದಳು. ಕೋಣೆಯಲ್ಲಿ ಆಗಲೇ ಕತ್ತಲು ತುಂಬಿತ್ತು. ಗಾಡಿಯಲ್ಲಿ ಕಲಿತದ್ದು ಅವಳೊಂದಿಗೆ ಮನೆಗೂ ಬಂದಿತ್ತೆಂದು ಅವನಿಗೆ ಕಂಡದ್ದು ಆಗ. ಎದ್ದು ಲೈಟ್ ಹಾಕಿದ. ಅವಳು ಕಣ್ಣು ಕಿರಿದು ಮಾಡಿ, ಮುಖ ಅತ್ತ ತಿರುಗಿಸಿದಳು.