ಹಡಗಿನ ಟಿಕೆಟ್ಟಿನಲ್ಲಿ ನಾಲ್ಕನೆಯ ಹೆಸರು

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆಗಳನ್ನು ನಂಬುವವರ ಪೈಕಿ ನಾನಲ್ಲ. ಮೂವತ್ತೊಂದು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತವಳು. ಸಹಿ ಹೊಂದಲಿಲ್ಲವೆಂದು ಸ್ವಂತ ಅತ್ತೆಯ ಫಾರಮ್ಮನ್ನೂ ವಾಪಸು ಕೊಟ್ಟಿದ್ದೇನೆ. ಸತ್ತವರು ಬಂದು ಬಾಗಿಲು ತಟ್ಟಿದರು ಎಂದು ಯಾರಾದರೂ ಶುರು ಮಾಡಿದರೆ, ಎಷ್ಟು ಗಂಟೆಗೆ, ನೋಡಿದವರು ಯಾರು, ಅವರು ಅವತ್ತು ಏನು ತಿಂದಿದ್ದರು ಎಂದು ಕೇಳಿ ಅವರ ಉತ್ಸಾಹಕ್ಕೆ ತಣ್ಣೀರೆರಚುತ್ತಿದ್ದೆ. ಅಂಥ ನಾನು ಈಗ ಇದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಬಹುದು. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನಾಲ್ಕು ವರ್ಷದ ಹಿಂದಿನ ಮಾತು. ನಾನು ಮತ್ತು ನಮ್ಮ ಮನೆಯವರು ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿದ್ದೇವೆ. ನನ್ನ ಅಕ್ಕ ಲಲಿತ ಭದ್ರಾವತಿಯಲ್ಲಿದ್ದಾಳೆ. ಭಾವ ಅಲ್ಲಿ ಕಾರ್ಖಾನೆಯ ಕೆಲಸದಲ್ಲಿದ್ದು ನಿವೃತ್ತರಾದವರು. ಅವರು ತೀರಿಕೊಂಡ ಮೇಲೆ ಅಕ್ಕ ಎರಡು ವರ್ಷ ಒಂದೇ ಒಂದು ರಾತ್ರಿಯೂ ಮನೆ ಬಿಟ್ಟು ಮಲಗಿರಲಿಲ್ಲ. ದಾವಣಗೆರೆಯಲ್ಲಿರುವ ಮಗಳು ಸುಮಾ ಕರೆದರೆ ಬ್ಲೌಸು ಹೊಲಿಯಲಿಕ್ಕಿದೆ ಎನ್ನುವಳು, ನಾನು ಕರೆದರೆ ಮನೆಗೆ ಬೀಗ ಹಾಕಿದರೆ ಇಲಿ ಸೇರುತ್ತವೆ ಎನ್ನುವಳು. ಮಾತು ಕಮ್ಮಿಯಾಯಿತು, ಊಟ ಕಮ್ಮಿಯಾಯಿತು, ಆಳು ಅರ್ಧವಾದಳು. ಸುಮಾ ಒಂದು ದಿನ ಫೋನಿನಲ್ಲಿ, "ಚಿಕ್ಕಮ್ಮ, ಅಮ್ಮ ಹಿಂಗೇ ಇದ್ರೆ ನಮ್ಮ ಕೈಗೆ ಉಳಿಯಲ್ಲ. ನೀವೇ ಏನಾದ್ರೂ ಮಾಡಿ" ಎಂದು ಅತ್ತಳು. ನನಗೂ ಅದೇ ಭಯವಿತ್ತು.

ಹಡಗಿನ ವಿಚಾರ ತೆಗೆದವಳು ಅಕ್ಕನೇ. ನಾನು ಅಲ್ಲಿಗೆ ಹೋಗಿದ್ದಾಗ ಟಿವಿಯಲ್ಲಿ ದೊಡ್ಡ ಹಡಗಿನ ಜಾಹೀರಾತು ಬಂತು. ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆಯೆತ್ತಿ, "ಇದ್ರಲ್ಲಿ ನಮ್ಮಂಥೋರೂ ಹೋಗ್ಬಹುದೇನೇ?" ಎಂದಳು. ಎರಡು ವರ್ಷದಲ್ಲಿ ಅವಳು ತನಗಾಗಿ ಕೇಳಿದ ಮೊದಲ ಮಾತು ಅದು. ನಾನು ಅವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ, ಏನಾದರಾಗಲಿ ಇವಳನ್ನು ಹಡಗು ಹತ್ತಿಸಿಯೇ ಸೈ.

ಹಡಗಿನ ಬಗ್ಗೆ ನಮಗೆ ಇದ್ದ ಜ್ಞಾನವೆಂದರೆ ಸಿಗಂದೂರಿನ ಲಾಂಚು. ಆಗಿನ್ನೂ ಅಲ್ಲಿ ಸೇತುವೆ ಆಗಿರಲಿಲ್ಲ, ಬಸ್ಸು ಕಾರುಗಳ ಜೊತೆ ನಾವೂ ನಿಂತುಕೊಂಡು ಹಿನ್ನೀರು ದಾಟುತ್ತಿದ್ದೆವು. ಅಷ್ಟೇ. ನಮ್ಮ ಮನೆಯವರು ಮೂರು ವಾರ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಅರ್ಧ ಕ್ಯಾಪ್ಟನ್ ಆಗಿಹೋದರು. ಒಳಗಿನ ಕೋಣೆಗೆ ಕಿಟಕಿಯಿಲ್ಲ, ಅದು ಬೇಡ. ಬಾಲ್ಕನಿ ಇದ್ದದ್ದು ದುಬಾರಿ, ಅದೂ ಬೇಡ. ಹಡಗಿನ ನಡುಭಾಗದಲ್ಲಿ ಅಲುಗಾಟ ಕಮ್ಮಿ, ಅಲ್ಲೇ ಬೇಕು. ಇವೆಲ್ಲ ಇತ್ಯರ್ಥವಾದ ಮೇಲೂ ಅವರಿಗೆ ರಾತ್ರಿ ಮೊಸರನ್ನ ಸಿಗುತ್ತದೋ ಇಲ್ಲವೋ ಎಂಬ ಚಿಂತೆ ಉಳಿದಿತ್ತು. ಕೊನೆಗೆ ಮುಂಬೈಯಿಂದ ಹೊರಟು ಲಕ್ಷದ್ವೀಪದ ಕಡೆ ಸುತ್ತಿ ವಾಪಸಾಗುವ ನಾಲ್ಕು ರಾತ್ರಿಯ ಪ್ರವಾಸವನ್ನು ಆರಿಸಿದೆವು.

ಆಗ ಅಕ್ಕ ಹಿಂದೆ ಸರಿದಳು. "ಮೂರು ಜನ ಹೊರಡಬಾರದು ಕಣೇ. ನೀವಿಬ್ರೂ ಹೋಗ್ಬನ್ನಿ" ಎಂದಳು.

ನಮ್ಮ ಕಡೆ ಈ ಮಾತು ಎಲ್ಲರಿಗೂ ಗೊತ್ತು. ಮೂವರು ಕೂಡಿ ಒಳ್ಳೆಯ ಕೆಲಸಕ್ಕೆ ಹೊರಡುವುದಿಲ್ಲ. ಹೊರಡಲೇಬೇಕಾದರೆ ಒಂದು ಕಲ್ಲನ್ನೋ ಅಡಿಕೆಯನ್ನೋ ಜೊತೆಗಿಟ್ಟುಕೊಂಡು ನಾಲ್ಕು ಮಾಡಿಕೊಳ್ಳುತ್ತಾರೆ. ನಮ್ಮ ತವರಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಆ ಅಡಿಕೆಗೆ ಮನಸ್ಸಿನಲ್ಲೇ ಒಂದು ಹೆಸರನ್ನೂ ಇಡಬೇಕು, ಇಲ್ಲದಿದ್ದರೆ ಅದು ಲೆಕ್ಕಕ್ಕಿಲ್ಲ ಎನ್ನುತ್ತಿದ್ದಳು ನಮ್ಮಮ್ಮ. ಆ ಹೆಸರನ್ನು ಯಾರಿಗೂ ಹೇಳುವ ಹಾಗಿಲ್ಲ. ಚಿಕ್ಕವಳಿದ್ದಾಗ ನಾನು ನಮ್ಮ ಎಮ್ಮೆಯ ಹೆಸರಿಟ್ಟು ಒಳಗೊಳಗೇ ನಕ್ಕಿದ್ದೆ.

"ಅಡಿಕೆ ಇಟ್ಕೊಂಡ್ರಾಯ್ತಲ್ಲ ಮಾರಾಯ್ತಿ, ಅದಕ್ಕೂ ನೆಪ ಹುಡುಕ್ತೀಯಲ್ಲ" ಎಂದು ಗದರಿದೆ. ಅಕ್ಕ ಎದ್ದು ಡಬ್ಬಿಯಿಂದ ಒಂದು ಅಡಿಕೆ ಆರಿಸಿ, ಕಣ್ಣಿಗೊತ್ತಿಕೊಂಡು, ದೇವರ ಗೂಡಿನಲ್ಲಿಟ್ಟು, "ಹಂಗಾದ್ರೆ ಬರ್ತೀನಿ" ಎಂದಳು. ಅವಳ ಮುಖ ಅಷ್ಟು ಹಗುರಾಗಿದ್ದು ನೋಡಿ ನನಗೆ ಗೆದ್ದಷ್ಟು ಸಂತೋಷವಾಯಿತು.

ಮರುವಾರ ನಾನೂ ನಮ್ಮ ಮನೆಯವರೂ ಪೇಟೆಯ ಒಂದು ಟ್ರಾವೆಲ್ಸ್ ಆಫೀಸಿಗೆ ಹೋದೆವು. ಮೊದಲ ಮಹಡಿಯಲ್ಲಿ ಎರಡು ಮೇಜಿನ ಪುಟ್ಟ ಆಫೀಸು. ನಡೆಸುವವಳು ರೇಷ್ಮಾ, ನಲವತ್ತರ ಆಸುಪಾಸಿನವಳು. ಉಮ್ರಾ ಯಾತ್ರೆ, ತಿರುಪತಿ, ಕಾಶಿ ಎಲ್ಲದಕ್ಕೂ ಬುಕ್ ಮಾಡಿಕೊಡುತ್ತಾಳೆ. ಹಡಗಿನದು ಮಾತ್ರ ತನಗೂ ಇದೇ ಮೊದಲು ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. ಮೂವರಿಗೂ ಸೇರಿ ಒಂದೇ ಕೋಣೆ ತೋರಿಸಿದಳು. ಕೆಳಗೆ ಎರಡು ಹಾಸಿಗೆ, ಗೋಡೆಯಿಂದ ಇಳಿಸುವ ಮೇಲಿನ ಹಾಸಿಗೆ ಎರಡು. ನಮ್ಮ ಮನೆಯವರು ತಮಾಷೆಗೆ, "ನಾವು ಮೂರು ಜನ, ಅಡಿಕೆ ಸೇರಿ ನಾಲ್ಕು" ಎಂದು ಅವಳಿಗೆ ಈ ಪದ್ಧತಿಯನ್ನೆಲ್ಲ ವಿವರಿಸಿದರು. ಇದನ್ನು ಬಿಡದೆ ಬರೆಯುತ್ತಿದ್ದೇನೆ, ಯಾಕೆಂದರೆ ಆಮೇಲೆ ನಾನು ಹಿಡಿದು ನೇತಾಡಿದ ಒಂದೇ ಎಳೆ ಇದು.

ಅಕ್ಕನ ಹುಟ್ಟಿದ ತಾರೀಕು ಆಧಾರಿನಲ್ಲಿ ಇದ್ದ ಹಾಗೇ ಬೇಕಿತ್ತು. ಶಾಲೆಯಲ್ಲಿ ಮೇಷ್ಟ್ರು ಅಂದಾಜಿಗೆ ಬರೆದ ತಾರೀಕು ಒಂದು, ನಿಜವಾದದ್ದು ಒಂದು. ಆಧಾರಿನಲ್ಲಿ ಯಾವುದಿದೆ ಎಂದು ನನಗೆ ಗೊತ್ತಿರಲಿಲ್ಲ. ಅಕ್ಕನ ಮೊಬೈಲ್ ನಂಬರು ಕೊಟ್ಟು, ನಾಳೆ ನೀವೇ ಕೇಳಿಕೊಳ್ಳಿ ಎಂದು ರೇಷ್ಮಾಗೆ ಹೇಳಿ ಬಂದೆ.

ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಬುಕಿಂಗಿನ ಕಾಗದ ಮೊಬೈಲಿಗೆ ಬಂತು. ಓದುವ ಮೊದಲೇ ಎಣಿಸುವುದು ಕೌಂಟರಿನಲ್ಲಿ ಕೂತವರ ಅಭ್ಯಾಸ. ಹೆಸರು ನಾಲ್ಕಿದ್ದವು. ನನ್ನದು, ಇವರದು, ಅಕ್ಕನದು. ಕೆಳಗೆ ಅಕ್ಕನ ಇನಿಷಿಯಲ್ಲೇ ಇದ್ದ ಇನ್ನೊಂದು ಹೆಸರು, ಶ್ರೀಕಂಠ. ಗಂಡು, ವಯಸ್ಸು ಮೂವತ್ತಾರು, ಮೇಲಿನ ಹಾಸಿಗೆ.

ಬೇರೆ ಯಾರದ್ದೋ ಬುಕಿಂಗು ನಮ್ಮದರಲ್ಲಿ ಸೇರಿದೆ ಎಂದು ರೇಷ್ಮಾಗೆ ಫೋನು ಮಾಡಿ ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ. ಅವಳು ತಾಳ್ಮೆಯಿಂದ, "ಇಲ್ಲ ಮೇಡಂ, ನೀವು ಕೊಟ್ಟ ನಂಬರಿಗೇ ಮಾಡಿದ್ದು. ಒಬ್ರು ಗಂಡಸರು ಎತ್ಕೊಂಡ್ರು. ಡೇಟ್ ಆಫ್ ಬರ್ತ್ ಎಲ್ಲ ಅವರೇ ಹೇಳಿದ್ರು. ನನ್ನ ಹೆಸರೂ ಸೇರಿಸಿ, ನಾವು ನಾಲ್ಕು ಜನ ಅಂದ್ರು. ನಿಮ್ಮ ಕಡೆಯವರೇ ಯಾರೋ ಅಂದ್ಕೊಂಡೆ" ಎಂದಳು. ಅಕ್ಕನ ತಾರೀಕು ನೋಡಿದೆ. ಮೇಷ್ಟ್ರು ಬರೆದದ್ದು. ಆಧಾರಿನಲ್ಲಿ ಇದ್ದದ್ದೂ ಅದೇ ಎಂದು ಆಮೇಲೆ ತಿಳಿಯಿತು.

ಅಕ್ಕನಿಗೆ ಫೋನು ಮಾಡಿದೆ. ತನಗೆ ಯಾರ ಫೋನೂ ಬಂದಿಲ್ಲ ಎಂದಳು. ಬೆಳಿಗ್ಗೆಯೆಲ್ಲ ಅವಳು ಹಿಟ್ಟಿನ ಗಿರಣಿಯಲ್ಲಿದ್ದಳು. ಹಡಗಿನಲ್ಲಿ ತಿನ್ನಲು ಚಕ್ಕುಲಿ ಮಾಡಬೇಕಲ್ಲ, ಅದಕ್ಕೆ ಅಕ್ಕಿ ಬೀಸಿಸಲು. ಪಕ್ಕದ ಮನೆಯ ಸೆಲ್ವಮ್ಮನೂ ಜೊತೆಗಿದ್ದಳು. ಮೊಬೈಲನ್ನು ಮನೆಯಲ್ಲೇ ಚಾರ್ಜಿಗೆ ಹಾಕಿ, ಬಾಗಿಲಿಗೆ ಬೀಗ ಹಾಕಿಕೊಂಡು ಹೋಗಿದ್ದಳು. ಕಾಲ್ ಪಟ್ಟಿ ತೆಗೆದು ನೋಡು ಎಂದೆ. ಹನ್ನೊಂದು ಇಪ್ಪತ್ತಕ್ಕೆ ರೇಷ್ಮಾಳ ನಂಬರಿನಿಂದ ಕರೆ ಬಂದಿತ್ತು. ಯಾರೋ ಎತ್ತಿ ನಾಲ್ಕು ನಿಮಿಷ ಮಾತಾಡಿದ್ದರು.

ನನಗೆ ಇನ್ನೂ ಹೆದರಿಕೆಯೇನೂ ಆಗಿರಲಿಲ್ಲ. ಫೋನಿನ ಕಂಪನಿಯವರ ಎಡವಟ್ಟು ಎಂದುಕೊಂಡು, ಅಕ್ಕನನ್ನು ನಗಿಸೋಣವೆಂದು, "ನಿಂಗೆ ಗೊತ್ತಿಲ್ದಂಗೆ ಶ್ರೀಕಂಠ ಅನ್ನೋ ಒಬ್ಬ ನಮ್ಮ ಜೊತೆ ಹೊರಟಿದಾನೆ ನೋಡು, ಮೂವತ್ತಾರು ವರ್ಷದವನು" ಎಂದೆ.

ಫೋನು ಕಟ್ಟಾಯಿತೇನೋ ಎಂದು ಎರಡು ಸಲ ಹಲೋ ಎಂದೆ. ಆಮೇಲೆ ಅಕ್ಕ ಬಹಳ ಮೆಲ್ಲಗೆ, "ಆ ಹೆಸರು ನಿಂಗೆ ಯಾರು ಹೇಳಿದ್ರು?" ಎಂದಳು.

ಸಂಜೆಯ ಬಸ್ಸಿಗೆ ಅವಳು ಶಿವಮೊಗ್ಗಕ್ಕೆ ಬಂದಳು. ಎರಡು ವರ್ಷದಲ್ಲಿ ಮೊದಲ ಸಲ ಬೇರೆ ಮನೆಯಲ್ಲಿ ಮಲಗಿದ್ದು ಅವತ್ತೇ. ಆ ರಾತ್ರಿ ಅವಳು ಹೇಳಿದ್ದನ್ನು ಚಿಕ್ಕದಾಗಿ ಬರೆಯುತ್ತೇನೆ. ಸುಮಾ ಹುಟ್ಟುವ ಮೊದಲು ಅಕ್ಕನಿಗೆ ಒಂದು ಗಂಡುಮಗುವಾಗಿತ್ತು. ಹೆರಿಗೆಗೆ ಹೊಳೆಹೊನ್ನೂರಿನ ನಮ್ಮ ತವರಿಗೆ ಬಂದಿದ್ದಳು, ಬಾಣಂತನಕ್ಕೆ ಅಮ್ಮನ ಜೊತೆ ನಾನೂ ಇದ್ದೆ. ಮಗು ಒಂಬತ್ತನೆಯ ದಿನ ಹೋಗಿಬಿಟ್ಟಿತು. ನಾಮಕರಣಕ್ಕೆ ಇನ್ನೂ ಮೂರು ದಿನವಿತ್ತು. ಹೆಸರಿಡದ ಕೂಸಿಗೆ ಕರ್ಮವಿಲ್ಲ, ತಿಥಿಯಿಲ್ಲ. ಹಿರಿಯರು ಮಣ್ಣು ಮಾಡಿ ಬಂದರು. ಅದರ ಸುದ್ದಿಯನ್ನು ಇನ್ನು ಮನೆಯಲ್ಲಿ ಯಾರೂ ಎತ್ತಬಾರದು ಎಂದು ಅಮ್ಮ ಹೇಳಿದಳು. ನಾವು ಯಾರೂ ಎತ್ತಲಿಲ್ಲ.

ಶ್ರೀಕಂಠ ಎಂಬ ಹೆಸರನ್ನು ಅಕ್ಕ ಬಸುರಿಯಿದ್ದಾಗಲೇ ಯೋಚಿಸಿಟ್ಟಿದ್ದಳಂತೆ. ಭಾವನ ಮನೆಯವರು ತಾತನ ಹೆಸರೇ ಆಗಬೇಕು ಎನ್ನುತ್ತಿದ್ದರಿಂದ ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ, ಭಾವನ ಹತ್ತಿರವೂ. ಹೋದ ವಾರ ಅಡಿಕೆಗೆ ಇಟ್ಟದ್ದು ಅದೇ ಹೆಸರು. ಬದುಕಿದ್ದರೆ ಮೂವತ್ತಾರು. ಕಾಗದದಲ್ಲಿ ಆ ಹೆಸರಿನ ಮುಂದಿದ್ದ ಹುಟ್ಟಿದ ತಾರೀಕೂ ಆ ಮಗುವಿನದೇ.

ಅಕ್ಕನ ಮಾತು ಕೇಳುತ್ತಾ ನನಗೆ ಬೇರೆಯೇ ಒಂದು ನೆನಪಾಯಿತು. ಆಗ ನನಗೆ ಇಪ್ಪತ್ತೈದು. ಅಳುತ್ತಿದ್ದ ಅಕ್ಕನ ಪಕ್ಕದಲ್ಲಿ ಕೂತು, ಸಮಾಧಾನ ಮಾಡುತ್ತಿದ್ದೇನೆ ಎಂದುಕೊಂಡು, "ಬಿಡಕ್ಕ, ಇನ್ನೂ ಹೆಸರು ಕೂಡ ಇಟ್ಟಿರ್ಲಿಲ್ಲ" ಎಂದಿದ್ದವಳು ನಾನೇ. ಅವಳಿಗೆ ಅದು ನೆನಪಿದೆಯೋ ಇಲ್ಲವೋ, ಕೇಳುವ ಧೈರ್ಯ ನನಗಿಲ್ಲ. ಆಮೇಲಿನ ಇಷ್ಟೂ ವರ್ಷಗಳಲ್ಲಿ ಆ ಮಗುವಿನ ಬಗ್ಗೆ ನಾನು ಅವಳನ್ನು ಒಂದು ಮಾತೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಮೂವರೂ ಆಫೀಸಿಗೆ ಹೋದೆವು. ಮೆಟ್ಟಿಲು ಹತ್ತುವಾಗ ಅಕ್ಕ ಕಂಬಿ ಹಿಡಿದು ಎರಡು ಕಡೆ ನಿಂತಳು. ಆಧಾರ್ ಇಲ್ಲದೆ ಹಡಗಿಗೆ ಬಿಡುವುದಿಲ್ಲ, ನಾಲ್ಕನೆಯ ಹೆಸರು ತೆಗೆಯಲೇಬೇಕು ಎಂದು ರೇಷ್ಮಾ ಹೇಳಿದಳು. ಅಕ್ಕ ಒಪ್ಪಿದಳು. ಒಪ್ಪಿದ ಮೇಲೂ ಏಳಲಿಲ್ಲ. ಫೋನಿನಲ್ಲಿ ಮಾತಾಡಿದವರು ಇನ್ನೇನು ಹೇಳಿದರು ಎಂದು ಕೇಳಿದಳು.

"ಜಾಸ್ತಿ ಏನಿಲ್ಲ ಆಂಟಿ. ಹಾಸಿಗೆ ಹೆಂಗೆ ಕೊಡ್ಲಿ ಅಂತ ಕೇಳಿದೆ. ನಂಗೆ ಮೇಲಿಂದೇ ಸಾಕು, ಅಮ್ಮಂಗೆ ಕೆಳಗಿಂದು ಕೊಡಿ, ಮಂಡಿ ನೋವು ಅಂದ್ರು."

ಅಕ್ಕನಿಗೆ ಮಂಡಿ ನೋವಿರುವುದು ನನಗೆ ಗೊತ್ತಿರಲಿಲ್ಲ. ಸುಮಾಗೂ ಗೊತ್ತಿರಲಿಲ್ಲ ಎಂದು ಆಮೇಲೆ ಕೇಳಿ ತಿಳಿದುಕೊಂಡೆ.

ಅಕ್ಕ ಮುಂದಕ್ಕೆ ಬಾಗಿ, "ಏನಂತ ಅಂದ? ಲಲಿತಮ್ಮಂಗೆ ಅಂದ್ನಾ?" ಎಂದಳು.

"ಇಲ್ಲ ಆಂಟಿ. ಅಮ್ಮಂಗೆ ಅಂತಾನೇ."

ಅಕ್ಕ ಅಲ್ಲೇ ಕೂತು ಅತ್ತಳು. ಭಾವ ಹೋದಾಗಲೂ ಅಷ್ಟು ಅತ್ತಿರಲಿಲ್ಲ. ಪಾಪ, ರೇಷ್ಮಾ ತನ್ನಿಂದ ಏನು ತಪ್ಪಾಯಿತೋ ಎಂದು ಗಾಬರಿಯಾಗಿ ನೀರು ತಂದುಕೊಟ್ಟಳು. ಅತ್ತು ಮುಗಿಸಿ ಮುಖ ಒರೆಸಿಕೊಂಡು ಅಕ್ಕ ನನ್ನ ಕಡೆ ತಿರುಗಿ, "ಒಂಬತ್ತು ದಿನದ ಕೂಸು ಕಣೇ, ಅಳೋದು ಬಿಟ್ರೆ ಇನ್ನೇನೂ ಬರ್ತಿರಲಿಲ್ಲ ಅದಕ್ಕೆ" ಎಂದಳು. ಅವಳ ಮುಖದಲ್ಲಿ ಹೆದರಿಕೆಯ ಲವಲೇಶವೂ ಇರಲಿಲ್ಲ.

ನಾವು ಮೂವರೂ ಹಡಗು ಹತ್ತಿದೆವು. ಇವರಿಗೆ ಮೊಸರನ್ನವೂ ಸಿಕ್ಕಿತು. ಅಕ್ಕ ನಾಲ್ಕು ದಿನವೂ ಆ ಮಗುವಿನ ವಿಷಯ ಹೇಳಿದಳು. ಅದರ ಕಿವಿ ಹೇಗಿತ್ತು, ಎಣ್ಣೆ ಹಚ್ಚುವಾಗ ಕಾಲು ಹೇಗೆ ಮಡಚಿಕೊಳ್ಳುತ್ತಿತ್ತು, ಎಲ್ಲ. ನಾನು ಕೇಳಿದೆ, ನನಗೆ ನೆನಪಿದ್ದದ್ದನ್ನೂ ಹೇಳಿದೆ. ಅಲ್ಲಿಂದ ಬಂದ ಮೇಲೆ ಅವಳ ಊಟ, ಮಾತು ಎಲ್ಲ ಸರಿಹೋದವು. ಈಗ ದಾವಣಗೆರೆಗೆ ಹೋದರೆ ಎಂಟು ದಿನ ವಾಪಸು ಬರುವುದಿಲ್ಲ.

ನನ್ನ ತನಿಖೆ ಮಾತ್ರ ಇನ್ನೂ ಮುಗಿದಿಲ್ಲ. ನಮ್ಮ ಮನೆಯವರ ತಮಾಷೆ ಕೇಳಿಯೇ ರೇಷ್ಮಾ ನಾಲ್ಕನೆಯ ಹೆಸರು ಸೇರಿಸಿದಳೇ? ಹಾಗಾದರೆ ಆ ಹೆಸರು, ಆ ತಾರೀಕು ಅವಳಿಗೆ ಎಲ್ಲಿಂದ ಬಂತು? ಅಕ್ಕನೇ ಫೋನು ಎತ್ತಿ ಮಾತಾಡಿ ಮರೆತಳೇ? ಗಿರಣಿಯವನೂ ಸೆಲ್ವಮ್ಮನೂ ಅವಳು ಹನ್ನೆರಡರವರೆಗೆ ಅಲ್ಲೇ ಇದ್ದಳು ಎನ್ನುತ್ತಾರೆ. ಬೀಗ ಮುರಿದಿರಲಿಲ್ಲ. ರೇಷ್ಮಾಳನ್ನು ವರ್ಷಕ್ಕೊಮ್ಮೆಯಾದರೂ ಕೇಳುತ್ತೇನೆ, ಅವಳು ಒಂದಕ್ಷರ ಬದಲಿಸದೆ ಅದನ್ನೇ ಹೇಳುತ್ತಾಳೆ. ದೆವ್ವ, ಆತ್ಮ ಎಂದು ಬರೆಯಲು ನನ್ನ ಕೈ ಬರುವುದಿಲ್ಲ. ಬೇರೆ ಏನು ಬರೆಯಬೇಕೋ ಅದೂ ತಿಳಿಯುವುದಿಲ್ಲ.

ಅಕ್ಕ ಈಗ ಹೊರಗೆ ಹೋಗುವಾಗೆಲ್ಲ ಮೊಬೈಲನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಹೋಗುತ್ತಾಳೆ. ಬೈದರೆ, "ಇರ್ಲಿ ಬಿಡೇ, ಯಾರಾದ್ರೂ ಎತ್ಕೋತಾರೆ" ಎನ್ನುತ್ತಾಳೆ. ಅವಳು ಮನೆಯಲ್ಲಿಲ್ಲ ಎಂದು ಗೊತ್ತಿರುವ ಹೊತ್ತಿನಲ್ಲಿ ನಾನು ಆ ನಂಬರಿಗೆ ಕರೆ ಮಾಡುವುದಿಲ್ಲ. ಒಂದೆರಡು ಸಲ ಒತ್ತಿ, ರಿಂಗಾಗುವ ಮೊದಲೇ ಕಟ್ ಮಾಡಿದ್ದೇನೆ. ಯಾರೋ ಎತ್ತಿ ನನ್ನನ್ನು ಚಿಕ್ಕಮ್ಮ ಎಂದು ಕರೆದರೆ ಏನು ಹೇಳಬೇಕೆಂದು ನನಗಿನ್ನೂ ಗೊತ್ತಿಲ್ಲ.