ವಾಣಿಶ್ರೀ ಮಿಸ್ಸೂ ಬರಿ ಪಾತಿಯೂ

ನಮ್ಮ ಶಾಲೆಯ ವಿಜ್ಞಾನದ ವಾಣಿಶ್ರೀ ಮೇಡಂ ಬಗ್ಗೆ ಬರೆಯಲು ಕೂತಿದ್ದೇನೆ. ಗೊತ್ತಾದರೆ ಅವರು ಮೊದಲು ಕೇಳುವುದು, "ಇದಕ್ಕೆ ಪುರಾವೆ ಏನು ಸರ್?" ಎಂದು. ನಾನು ಅದೇ ಶಾಲೆಯ ಕನ್ನಡ ಮೇಷ್ಟ್ರು, ಮಾತನ್ನೇ ನಂಬಿ ಬದುಕಿದವನು. ಹಾಗಾಗಿ ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರಿಗೂ ದಿನಾ ಜಟಾಪಟಿ. ಆದರೂ ಹೇಳಿಬಿಡುತ್ತೇನೆ, ಇಡೀ ಶಿಕಾರಿಪುರ ತಾಲ್ಲೂಕಿನಲ್ಲಿ ಅಂಥ ಇನ್ನೊಬ್ಬ ಟೀಚರನ್ನು ನಾನು ಕಂಡಿಲ್ಲ. ಪುರಾವೆ ಬೇಕಾದವರು ಮುಂದೆ ಓದಿ.

ಅವರ ಊರು ಸೊರಬದ ಕಡೆ, ಚಂದ್ರಗುತ್ತಿ ಗುಡ್ಡದ ಬುಡದ ಒಂದು ಹಳ್ಳಿ. ಪಿಯುಸಿಯಲ್ಲಿ ಲೋಲಕದ ಪ್ರಯೋಗ ಮಾಡುವಾಗ ಅವರಿಗೆ ಪುಸ್ತಕದ ಉತ್ತರ ಬರಲಿಲ್ಲವಂತೆ. "ಉತ್ತರ ಗೊತ್ತೈತಲ್ಲ, ಹಿಂದಿನಿಂದ ಲೆಕ್ಕ ಮಾಡಿ ರೀಡಿಂಗ್ ತುಂಬು" ಎಂದರಂತೆ ಲೆಕ್ಚರರು. ಕ್ಲಾಸಿನವರೆಲ್ಲ ತುಂಬಿದರು. ಈಕೆ ಮಾತ್ರ ಬಂದದ್ದನ್ನೇ ಬರೆದು, ದಾರ ಹಿಗ್ಗಿರಬಹುದು ಎಂದು ಕಾರಣವನ್ನೂ ಸೇರಿಸಿದರು. ಅಂಕ ಹೋಯಿತು. "ಊರಿಗೆಲ್ಲ ಒಂದು ದಾರಿ ಆದ್ರೆ ಎಡವಟ್ಟನಿಗೊಂದು ದಾರಿ" ಎಂದು ನಾನು ಕೆಣಕಿದರೆ, "ಹೌದು ಸರ್, ನಾನು ಎಡವಟ್ಟೇ" ಎಂದು ನಕ್ಕುಬಿಡುತ್ತಾರೆ.

ನಮ್ಮ ಕಡೆ ಪ್ರಯೋಗದ ರೆಕಾರ್ಡ್ ಎಂದರೆ ಪಿತ್ರಾರ್ಜಿತ ಆಸ್ತಿ. ಅಕ್ಕನದನ್ನು ತಂಗಿ ನಕಲು ಮಾಡುತ್ತಾಳೆ, ತಂಗಿಯದನ್ನು ಪಕ್ಕದ ಮನೆಯವನು. ಹದಿನೈದು ವರ್ಷದ ಹಿಂದಿನ ತಪ್ಪು ಕೂಡ ಕೆಡದೆ ಕೈಯಿಂದ ಕೈಗೆ ಬರುತ್ತದೆ. ವಾಣಿಶ್ರೀ ಮೇಡಂ ಬಂದು ಈ ಆಸ್ತಿಗೆ ಕೊಳ್ಳಿ ಇಟ್ಟರು. ಪ್ರಯೋಗಕ್ಕೆ ಮೊದಲೇ ನಿಮ್ಮ ಊಹೆ ಬರೆಯಿರಿ, ಪೆನ್ನಿನಲ್ಲೇ ಬರೆಯಿರಿ, ತಪ್ಪಾದರೆ ಒಂದೇ ಗೆರೆ ಎಳೆಯಿರಿ, ಅಳಿಸಿದರೆ ನಾನು ಸಹಿ ಹಾಕುವುದಿಲ್ಲ ಎಂದರು ಮಕ್ಕಳಿಗೆ. ಮಕ್ಕಳು ಬರೆದದ್ದನ್ನು ಭಾಷೆ ತಿದ್ದಲು ಮೇಡಂ ನನಗೆ ಕೊಡುತ್ತಿದ್ದರು. ನಾನು ಅಭಿಮಾನದಿಂದ "ಸಸಿಗಳು ನಳನಳಿಸಿ ಬೆಳೆದವು" ಎಂದು ತಿದ್ದಿ ಕೊಟ್ಟರೆ ಹಾಳೆ ವಾಪಸು ಬರುತ್ತಿತ್ತು: "ಎಷ್ಟು ಸೆಂಟಿಮೀಟರ್ ಸರ್?" ನನಗೆ ಮೈಯೆಲ್ಲ ಉರಿಯುತ್ತಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರೇ ಹೇಳಿಲ್ಲವೇ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಹೋದ ವರ್ಷ ಒಂಬತ್ತನೇ ಕ್ಲಾಸಿನ ಚೈತ್ರಶ್ರೀ ಒಂದು ಪ್ರಶ್ನೆ ಹಿಡಿದುಕೊಂಡು ಬಂದಳು. ಬಿಸಿಯೂಟದ ತರಕಾರಿ ಸಿಪ್ಪೆಯಿಂದ ಮಾಡಿದ ಗೊಬ್ಬರ ಕೊಟ್ಟಿಗೆ ಗೊಬ್ಬರಕ್ಕೆ ಸಮ ಆಗುತ್ತದೆಯೇ? ಒಳ್ಳೆಯ ಪ್ರಶ್ನೆ. ಶಾಲೆಯ ಅಂಗಳದಲ್ಲಿ ಆಡುಗಳ ಕಾಟ, ಅದಕ್ಕೆ ಅಂಜನಾಪುರ ಡ್ಯಾಮಿನ ನೀರು ಹರಿಯುವ ಅವಳ ಮನೆಯ ಗದ್ದೆಯ ಅಂಚಿನಲ್ಲೇ ಮೇಡಂ ಮೂರು ಪಾತಿ ಮಾಡಿಸಿ ಹರಿವೆ ಬೀಜ ಹಾಕಿಸಿದರು. ಒಂದಕ್ಕೆ ಕೊಟ್ಟಿಗೆ ಗೊಬ್ಬರ, ಒಂದಕ್ಕೆ ಸಿಪ್ಪೆ ಗೊಬ್ಬರ, ಇನ್ನೊಂದಕ್ಕೆ ಏನೂ ಇಲ್ಲ. ಆ ಬರಿ ಪಾತಿ ಇಲ್ಲದಿದ್ದರೆ ಸೊಪ್ಪು ಗೊಬ್ಬರದಿಂದ ಬೆಳೆಯಿತೋ ತಾನಾಗಿಯೇ ಬೆಳೆಯಿತೋ ಹೇಳುವುದು ಹೇಗೆ? ತಾಲ್ಲೂಕು ವಿಜ್ಞಾನ ಪ್ರದರ್ಶನದಲ್ಲಿ ಗೆದ್ದವರು ಜಿಲ್ಲಾ ಮಟ್ಟಕ್ಕೆ ಶಿವಮೊಗ್ಗಕ್ಕೆ ಹೋಗುತ್ತಾರೆ. ನಮ್ಮ ಶಾಲೆಯಿಂದ ಯಾರೂ ಹೋದವರಿಲ್ಲ. ಹೋಗಿಯೇ ತೀರುತ್ತೇನೆ ಎಂದು ಆ ಹುಡುಗಿ ಊರಿಗೆಲ್ಲ ಹೇಳಿಕೊಂಡು ಓಡಾಡಿದಳು.

ದಸರಾ ರಜೆಯಲ್ಲಿ ಅವಳು ಸೋದರಮಾವನ ಮನೆಗೆ ಹೋದಳು. ನೀರು ಹಾಕುವ ಕೆಲಸ ಅಜ್ಜಿ ತುಂಗಮ್ಮನಿಗೆ ಬಂತು. ರಜೆ ಮುಗಿಸಿ ಬಂದು ಅಳೆದು ನೋಡಿದರೆ, ಎಲ್ಲಕ್ಕಿಂತ ಎತ್ತರ ಬೆಳೆದದ್ದು ಏನೂ ಹಾಕದ ಪಾತಿ.

ಚೈತ್ರಶ್ರೀ ಅಳುಮುಖ ಮಾಡಿಕೊಂಡು ಬಂದಳು. ಮೇಡಂ ಬೈಯಲಿಲ್ಲ. "ಪಾತಿ ಸುಳ್ಳು ಹೇಳಲ್ಲ. ನಡಿ, ಹೋಗಿ ನೋಡಣ" ಎಂದು ಹೊರಟರು. ಬಾಲದ ಹಾಗೆ ನಾನೂ ಹೋದೆ.

ತುಂಗಮ್ಮ ಏನನ್ನೂ ಮುಚ್ಚಿಡಲಿಲ್ಲ.

"ನಾನೇ ಹಾಕೀನಿ ಕಣಮ್ಮ. ದಿನಾ ಅಕ್ಕಿ ತೊಳೆದ ನೀರು ಆ ಪಾತಿಗೇ ಹಾಕ್ತಿದ್ದೆ. ಭೂಮಿ ಹುಣ್ಣಿಮೆಗೆ ಗದ್ದೆಗೆಲ್ಲ ಚರಗ ಚೆಲ್ಲೋವಾಗ ಅದಕ್ಕೆ ಎರಡು ಬೊಗಸೆ ಜಾಸ್ತಿ ಹಾಕ್ದೆ."

"ಯಾಕಜ್ಜಿ?" ಎಂದಳು ಮೊಮ್ಮಗಳು.

"ಯಾಕಂದ್ರೆ? ಮೂರು ಮಕ್ಕಳಲ್ಲಿ ಎರಡಕ್ಕೆ ಉಣ್ಣಾಕಿಟ್ಟು ಒಂದನ್ನ ಉಪವಾಸ ಕೆಡವ್ತಾರೇನು? ಅದೂ ಭೂಮಿತಾಯಿ ಬಸುರಿ ಇರೋ ಹೊತ್ನಾಗೆ. ನಿಮ್ಮ ಮಿಸ್ಸು ಓದಿದೋರು, ಮರೆತಿರಬೇಕು ಅಂತ ನಾನೇ ಬಡಿಸ್ದೆ."

ವಾಣಿಶ್ರೀ ಮೇಡಂ ಗದ್ದೆಯ ಬದುವಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹತ್ತಾರು ಬಗೆಯ ಸೊಪ್ಪು, ತರಕಾರಿ, ಅನ್ನ ಬೇಯಿಸಿ ಮಾಡುವ ಆ ಚರಗವನ್ನು ಚಂದ್ರಗುತ್ತಿಯ ಕಡೆಯ ಗದ್ದೆಗಳಲ್ಲಿ ಅವರೂ ಚೆಲ್ಲಿ ಬೆಳೆದವರು. ಪ್ರಯೋಗದ ನಡುವೆ ಆ ಹುಣ್ಣಿಮೆ ಬರುತ್ತದೆ ಎಂದು ಅವರಿಗೇ ಹೊಳೆದಿರಲಿಲ್ಲ.

ನಗು ಅಲ್ಲಿಗೇ ಮುಗಿಯಿತು. ಪ್ರದರ್ಶನ ಹತ್ತಿರ ಬಂದಿತ್ತು, ಮತ್ತೆ ಬೆಳೆದು ನೋಡಲು ದಿನ ಇರಲಿಲ್ಲ. ಹೆಡ್ ಮಾಸ್ಟರ್ ಪರಮಶಿವಪ್ಪನವರು ಒಳ್ಳೆಯ ಮನುಷ್ಯರೇ, ಆದರೆ ಶಾಲೆಗೆ ಒಂದು ಬಹುಮಾನ ಬರಲಿ ಎಂದು ಹಂಬಲಿಸಿ ಹಂಬಲಿಸಿ ಸೋತವರು.

"ಮೇಡಂ, ಬರಿ ಪಾತಿ ಕಮ್ಮಿ ಬೆಳೀತು ಅಂತ ಬರೆಸ್ರೀ. ಬೆಳೀಬೇಕಾಗಿದ್ದೂ ಹಂಗೇ ಅಲ್ವೇನ್ರೀ? ಗದ್ದೆಗೆ ಬಂದು ಯಾರು ಅಳೀತಾರೆ?"

ಮೇಡಂ ಅಲ್ಲೇ ನಿಂತಿದ್ದ ಚೈತ್ರಶ್ರೀಯ ಕಡೆ ತಿರುಗಿದರು. "ವರದಿ ನಿಂದು, ಸಹಿ ನಂದು. ಕಂಡಿದ್ದು ಬರೆದ್ರೆ ಹಾಕ್ತೀನಿ. ಶಿವಮೊಗ್ಗ ಕೈತಪ್ಪಬಹುದು, ಅದನ್ನೂ ಈಗಲೇ ಹೇಳಿರ್ತೀನಿ. ಯೋಚ್ನೆ ಮಾಡು."

ಹುಡುಗಿ ತಲೆ ತಗ್ಗಿಸಿಕೊಂಡು ಹೋದಳು. ಆ ದಿನ ನನಗೆ ಮೇಡಂ ಮೇಲೆ ಸಿಟ್ಟು ಬಂದಿತ್ತು. ಮಗುವಿನ ಆಸೆಯ ಮೇಲೆ ಇಷ್ಟು ದೊಡ್ಡ ಕಲ್ಲು ಹೊರಿಸಬೇಕೇ ಎಂದು ಜಗಳವಾಡಿದೆ. "ಹೊರಿಸಿಲ್ಲ ಸರ್, ಅವಳ ಕೈಗೆ ಕೊಟ್ಟಿದೀನಿ" ಎಂದರು. ಆದರೆ ಆ ದಿನ ಮಧ್ಯಾಹ್ನ ಅವರ ಊಟದ ಡಬ್ಬಿ ಹಾಗೇ ಮುಚ್ಚಿತ್ತು.

ಚೈತ್ರಶ್ರೀ ವರದಿ ತಂದಳು. "ಮೂರನೇ ಪಾತಿಗೆ ಅಜ್ಜಿ ಊಟ ಹಾಕಿದ್ದರಿಂದ ನಮ್ಮ ಪ್ರಶ್ನೆಗೆ ಈ ಪ್ರಯೋಗದಿಂದ ಉತ್ತರ ಸಿಕ್ಕಿಲ್ಲ" ಎಂಬ ವಾಕ್ಯ ಇತ್ತು. ನಾನು ಅದರಲ್ಲಿ ಒಂದಕ್ಷರವನ್ನೂ ತಿದ್ದಲಿಲ್ಲ. ಮೇಡಂ ಸಹಿ ಹಾಕಿದರು.

ಪ್ರದರ್ಶನದ ದಿನ ಶಿಕಾರಿಪುರದ ಸಭಾಂಗಣದಲ್ಲಿ ಹೊಗೆ ಕಾರುವ ಜ್ವಾಲಾಮುಖಿ, ಮಿಣಿಮಿಣಿ ದೀಪದ ಸ್ಮಾರ್ಟ್ ಹಳ್ಳಿ, ಏನೇನೋ. ನಮ್ಮ ಮೇಜಿನ ಮೇಲೆ ಮೂರು ಕಟ್ಟು ಹರಿವೆ ಸೊಪ್ಪು ಮತ್ತು ಒಂದು ವರದಿ. ತೀರ್ಪುಗಾರರು ವರದಿಯನ್ನು ನಿಂತುಕೊಂಡೇ ಪೂರ್ತಿ ಓದಿದರು.

"ಹಂಗಾದ್ರೆ ನಿನ್ನ ಪ್ರಯೋಗ ಕೆಟ್ಟೋಯ್ತು ಅಂತಾಯ್ತು."

"ಹೌದು ಸರ್. ಎಲ್ಲಿ ಕೆಡ್ತು ಅಂತ ಗೊತ್ತಾಗೈತೆ."

"ತಪ್ಪು ನಿಮ್ಮಜ್ಜಿದಾ?"

"ಅಲ್ಲ ಸರ್, ನಂದು. ಅದನ್ನ ಯಾಕೆ ಬರಿ ಬಿಟ್ಟೀವಿ ಅಂತ ಅಜ್ಜಿಗೆ ನಾನು ಹೇಳೇ ಇರ್ಲಿಲ್ಲ. ಈಗ ನಾಕು ಪಾತಿ ಮಾಡೀವಿ. ಅಕ್ಕಿ ತೊಳೆದ ನೀರಿಗೇ ಒಂದು. ಬರಿ ಪಾತಿ ಕಾಯೋದು ಅಜ್ಜೀನೇ."

ಅವರು ಕೇಳುತ್ತಾ ಹೋದರು, ಇವಳು ಹೇಳುತ್ತಾ ಹೋದಳು. ಬೇರೆ ಮೇಜಿನವರು ಕತ್ತು ಉದ್ದ ಮಾಡಿ ನೋಡತೊಡಗಿದರು. ಕೊನೆಗೆ ಮೊದಲ ಬಹುಮಾನ ಹೋದದ್ದು ಜ್ವಾಲಾಮುಖಿಗೆ. ನಮ್ಮ ಶಾಲೆಯ ಹೆಸರು ಮೂರು ಬಹುಮಾನಗಳಲ್ಲೂ ಬರಲಿಲ್ಲ.

ವಾಪಸು ಬರುವ ಬಸ್ಸು ಕಿಕ್ಕಿರಿದಿತ್ತು. ಹೆಡ್ ಮಾಸ್ಟರಿಗೆ ಮಾತ್ರ ಸೀಟು ಸಿಕ್ಕಿತ್ತು, ನಾವೆಲ್ಲ ಕಂಬಿ ಹಿಡಿದು ನಿಂತಿದ್ದೆವು. "ನಾನು ಆವತ್ತೇ ಹೇಳ್ದೆ ಮೇಡಂ" ಎಂದರು ಅವರು, ಬೇಸರದಲ್ಲೇ. ಮೇಡಂ ಮೆಲ್ಲಗೆ ಹುಡುಗಿಯನ್ನು ಕೇಳಿದರು:

"ಬೇಜಾರಾತಾ?"

"ಆತು ಮಿಸ್. ಶಿವಮೊಗ್ಗ ನೋಡ್ಬೇಕಿತ್ತು." ಕಂಬಿಯ ಮೇಲಿನ ಕೈ ಬದಲಿಸಿ ಮತ್ತೆ ಹೇಳಿದಳು. "ಆದ್ರೆ ಮಿಸ್, ಅವ್ರು ಅಷ್ಟು ಕೇಳಿದ್ರಲ್ಲ, ನಂಗೆ ಒಂಚೂರೂ ಹೆದ್ರಿಕೆ ಆಗ್ಲಿಲ್ಲ. ಇನ್ನೂ ಕೇಳ್ಲಿ ಅನ್ನಿಸ್ತು. ನಡೆದಿದ್ದೇ ಹೇಳೋದಿತ್ತಲ್ಲ."

ವಾಣಿಶ್ರೀ ಮೇಡಂ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಅವರ ಕಣ್ಣು ತುಂಬಿತ್ತು, ನಾನೇ ನೋಡಿದ್ದೇನೆ. ಅವರ ಜೊತೆ ಕೆಲಸ ಮಾಡುವವನು ನಾನು ಎಂದು ಆ ಬಸ್ಸಿನವರಿಗೆಲ್ಲ ಕೂಗಿ ಹೇಳಬೇಕು ಅನ್ನಿಸುವಷ್ಟು ಹೆಮ್ಮೆಯಾಯಿತು ನನಗೆ.

ಪರಮಶಿವಪ್ಪನವರು ಎದ್ದು ನಿಂತು, ಚೈತ್ರಶ್ರೀಯ ಭುಜ ಹಿಡಿದು ತಮ್ಮ ಸೀಟಿನಲ್ಲಿ ಕೂರಿಸಿದರು. ಅವಳು ಬೇಡ ಸರ್, ಬೇಡ ಸರ್ ಎನ್ನುತ್ತಿದ್ದರೂ ಕೇಳದೆ, ಊರು ಬರುವವರೆಗೂ ಅವಳ ಪಕ್ಕದಲ್ಲಿ ನಿಂತೇ ಬಂದರು.